ಎಕ್ಸೋಮ್ ವರದಿಯಲ್ಲಿ ಕಾಣದ್ದು

ಕೆಲವು ವರ್ಷಗಳಿಂದ ನನ್ನಲ್ಲಿಗೆ ಬರುವ ಮನೆಮಂದಿಯ ಕೈಯಲ್ಲಿ ಮೊದಲು ಕಾಣುವುದು ಎಕ್ಸೋಮ್ ವರದಿ, ಅಂದರೆ ಜೀನುಗಳಲ್ಲಿ ಪ್ರೋಟೀನಿನ ಸೂತ್ರವಿರುವ ಭಾಗಗಳನ್ನು ಓದಿದ ವರದಿ. ಬಣ್ಣದ ಹೊದಿಕೆ, ಒಳಗೆ ಹತ್ತಾರು ಪುಟ, ಮೊದಲ ಪುಟದಲ್ಲೇ ದಪ್ಪಕ್ಷರದ ಒಂದು ಸಾಲು: ರೋಗಕ್ಕೆ ಹೊಂದುವ ಬದಲಾವಣೆ ಯಾವುದೂ ಸಿಕ್ಕಿಲ್ಲ. ಅಷ್ಟನ್ನು ಓದಿಕೊಂಡೇ ಬಂದವರು, "ಹಾಗಾದರೆ ಇದು ವಂಶದ ಕಾಯಿಲೆ ಅಲ್ಲ ಅಂತಾಯ್ತಲ್ಲ ಡಾಕ್ಟ್ರೇ" ಎನ್ನುತ್ತಾರೆ. ರೋಗಿಯೋ, ಕಾಲನ್ನು ಅಗಲಿಸಿ ಊರುತ್ತಾ, ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದವರು. ಮಾತು ತೊದಲುತ್ತದೆ. ತಂದೆಗೂ ಹೀಗೆಯೇ ಇತ್ತು, ತಂದೆಯ ಅಕ್ಕನಿಗೂ ಇತ್ತು. ವಂಶದ ಕಾಯಿಲೆ ಅಲ್ಲದೆ ಇನ್ನೇನು?

ಎಕ್ಸೋಮ್ ಪರೀಕ್ಷೆ ಸುಳ್ಳು ಹೇಳಿಲ್ಲ. ಅದು ನೋಡದ ಜಾಗದಲ್ಲಿ ರೋಗ ಇದೆ, ಅಷ್ಟೇ. ಹಂಟಿಂಗ್ಟನ್ ರೋಗ, ನಡಿಗೆಯ ಹಿಡಿತ ತಪ್ಪುವ ವಂಶಪಾರಂಪರ್ಯ ಅಟಾಕ್ಸಿಯಾಗಳಲ್ಲಿ ಬಹುಪಾಲು, ಫ್ರೀಡ್ರಿಕ್ ಅಟಾಕ್ಸಿಯಾ, ಇವೆಲ್ಲ ಡಿಎನ್‌ಎಯಲ್ಲಿ ಮೂರಕ್ಷರದ ಒಂದು ತುಣುಕು ಮತ್ತೆ ಮತ್ತೆ ಮರುಕಳಿಸಿ ಉದ್ದವಾಗುವುದರಿಂದ ಬರುವ ರೋಗಗಳು. ಸಾಮಾನ್ಯ ಎಕ್ಸೋಮ್ ಪರೀಕ್ಷೆ ಡಿಎನ್‌ಎಯನ್ನು ಚಿಕ್ಕ ಚಿಕ್ಕ ಚೂರು ಮಾಡಿ ಓದುತ್ತದೆ. ಒಂದೇ ತೆರನ ಮಣಿಗಳ ಸರವನ್ನು ಕತ್ತರಿಸಿ ಹಾಕಿ ಆಮೇಲೆ ಸರ ಎಷ್ಟು ಉದ್ದ ಇತ್ತು ಎಂದು ಕೇಳಿದ ಹಾಗೆ. ಇವಕ್ಕೆ ಬೇರೆಯೇ ಪರೀಕ್ಷೆ ಬೇಕು. ಆ ಪರೀಕ್ಷೆ ಎಕ್ಸೋಮಿಗಿಂತ ಹಳೆಯದು, ಅಗ್ಗವೂ ಹೌದು. ಅದನ್ನು ಕೇಳಬೇಕಾದರೆ ಮಾತ್ರ ಮೊದಲು ರೋಗಿಯ ಕಣ್ಣು ನೋಡಿರಬೇಕು, ವಂಶವೃಕ್ಷ ಬರೆದಿರಬೇಕು, ಎಂಆರ್‌ಐಯನ್ನು ವರದಿಯಲ್ಲಲ್ಲ, ಚಿತ್ರದಲ್ಲೇ ನೋಡಿರಬೇಕು.

'ಇನ್ನು ಸ್ಕ್ಯಾನ್, ಸುತ್ತಿಗೆ ಎಲ್ಲ ಹಳೆಯದಾಯಿತು, ಜೀನ್ ಓದಿದರೆ ಸಾಕು' ಎಂಬ ಮಾತನ್ನು ಈಗ ಕಾಲೇಜು ಬಿಟ್ಟು ಬಂದ ಹುಡುಗರಿಂದ ಹಿಡಿದು ಪತ್ರಿಕೆಗಳ ಆರೋಗ್ಯ ಪುಟದವರೆಗೆ ಎಲ್ಲರೂ ಹೇಳುತ್ತಿರುವುದರಿಂದ, ಮಿದುಳು ಕ್ಷಯಿಸುವ ವಂಶದ ಕಾಯಿಲೆಗಳ ಈ ಶಾಸ್ತ್ರ ನಡೆದು ಬಂದ ದಾರಿಯನ್ನು ಒಮ್ಮೆ ಕನ್ನಡದಲ್ಲಿ ಬರೆದಿಡಬೇಕು ಅನ್ನಿಸಿತು. ಬೆಂಗಳೂರಿನಲ್ಲಿ ಕಲಿತು, ಮಂಗಳೂರಿನಲ್ಲಿ ದುಡಿದು, ಈಗ ಕಾಸರಗೋಡಿನ ವಿದ್ಯಾನಗರದಲ್ಲಿ ಕೂತಿರುವವನ ಕಣ್ಣಿಗೆ ಕಂಡ ದಾರಿ ಇದು.

ಹಳೆಯ ಕತೆ ಬೇಗ ಮುಗಿಸಬಹುದು. 1863ರಲ್ಲಿ ಜರ್ಮನಿಯ ಫ್ರೀಡ್ರಿಕ್, 1872ರಲ್ಲಿ ಅಮೆರಿಕದ ಜಾರ್ಜ್ ಹಂಟಿಂಗ್ಟನ್, 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ತಮ್ಮ ತಮ್ಮ ಹೆಸರಿನ ರೋಗಗಳನ್ನು ವಿವರಿಸಿದರು. ಹಂಟಿಂಗ್ಟನ್ನನ ಅಪ್ಪ, ಅಜ್ಜ ಇಬ್ಬರೂ ಒಂದೇ ಊರಿನಲ್ಲಿ ವೈದ್ಯರಾಗಿದ್ದರು. ಮೂರು ತಲೆಮಾರಿನ ವೈದ್ಯರು ಅದೇ ಮನೆತನಗಳ ತಲೆಮಾರುಗಳನ್ನು ನೋಡಿದ್ದರಿಂದ ರೋಗ ಇಳಿದು ಬರುವ ಬಗೆ ಅವನಿಗೆ ಕಂಡಿತು. ವಿಲ್ಸನ್ನನ ಪ್ರಬಂಧ 'ಬ್ರೈನ್' ಪತ್ರಿಕೆಯ ಇನ್ನೂರಕ್ಕೂ ಹೆಚ್ಚು ಪುಟ ತುಂಬಿತ್ತು. ಇವರ್ಯಾರಿಗೂ ಬದುಕಿರುವವರ ಮಿದುಳು ಕಾಣುವಂತಿರಲಿಲ್ಲ. ಸತ್ತ ಮೇಲೆ ಕೊಯ್ದು ನೋಡಬೇಕು. ಹಾಗೆ ಕೊಯ್ದು ನೋಡಿದವರಲ್ಲಿ ಎಲ್ಲರೂ ಮಾನವಂತರಾಗಿರಲಿಲ್ಲ. ಮಿದುಳಿನಲ್ಲಿ ಕಬ್ಬಿಣ ಸೇರುವ ಒಂದು ರೋಗವನ್ನು 1922ರಲ್ಲಿ ವಿವರಿಸಿದ ಹಾಲರ್‌ವೋರ್ಡನ್, ಮುಂದೆ ನಾಜಿಗಳು ಕೊಂದ ರೋಗಿಗಳ ಮಿದುಳನ್ನು ತರಿಸಿಕೊಂಡು ಅಧ್ಯಯನ ಮಾಡಿದ. ಈಗ ಆ ರೋಗವನ್ನು ಅವನ ಹೆಸರಿನಿಂದ ಕರೆಯುವುದಿಲ್ಲ, ಪ್ಯಾಂಕ್2 ಎಂಬ ಜೀನಿನ ಹೆಸರಿನಿಂದ ಕರೆಯುತ್ತೇವೆ. ಒಳ್ಳೆಯದೇ ಆಯಿತು.

ನಮ್ಮ ದೇಶದ ಮಟ್ಟಿಗೆ ಮೊದಲ ದೊಡ್ಡ ಕೆಲಸ ಮುಂಬಯಿಯಲ್ಲಿ ನಡೆಯಿತು. ನೋಶೀರ್ ವಾಡಿಯಾ ಮತ್ತು ಸ್ವಾಮಿ 1971ರಲ್ಲಿ ಒಂಬತ್ತು ಮನೆತನಗಳ ಅಟಾಕ್ಸಿಯಾವನ್ನು ಬರೆದರು. ಅವರು ಗಮನಿಸಿದ್ದು ಕಣ್ಣಿನ ಚಲನೆ. ಎಡದ ಬೆರಳಿನಿಂದ ಬಲದ ಬೆರಳಿಗೆ ಕಣ್ಣು ಹಾಯಿಸಿ ಎಂದರೆ ನಮ್ಮ ನಿಮ್ಮ ಕಣ್ಣು ಚಕ್ಕನೆ ನೆಗೆಯುತ್ತದೆ. ಈ ರೋಗಿಗಳ ಕಣ್ಣು ತೆವಳುತ್ತಾ ಹೋಗುತ್ತದೆ. ಕೆಲವರು ಕಣ್ಣು ಹೋಗದ್ದಕ್ಕೆ ತಲೆಯನ್ನೇ ತಿರುಗಿಸುತ್ತಾರೆ. ಅದನ್ನು ನೋಡಲು ಬೇಕಾದದ್ದು ವೈದ್ಯನ ಎರಡು ಬೆರಳು, ಅರ್ಧ ನಿಮಿಷ. ಕಾಲು ಶತಮಾನದ ನಂತರ, 1996ರಲ್ಲಿ, ಆ ಬಗೆಯ ರೋಗಕ್ಕೆ ಕಾರಣವಾದ ಜೀನ್ ಸಿಕ್ಕಿತು. ಈಗ ಅದಕ್ಕೆ ಎಸ್‌ಸಿಎ2 ಎಂದು ಹೆಸರು. ಎಂಆರ್‌ಐಯಲ್ಲಿ ಕಿರುಮಿದುಳು ಬಡಕಲಾಗಿ, ಅದರ ಮುಂದಿನ ಪಾನ್ಸ್ ಭಾಗ ಸೊರಗಿ, ಕೆಲವೊಮ್ಮೆ ಪಾನ್ಸಿನ ನಡುವೆ ಶಿಲುಬೆಯಂಥ ಬಿಳಿ ಗೆರೆ ಮೂಡುತ್ತದೆ. ಆ ಶಿಲುಬೆಯನ್ನು ಕಂಡ ಕೂಡಲೇ ವಂಶಪಾರಂಪರ್ಯವಲ್ಲದ ಇನ್ನೊಂದು ರೋಗದ ಹೆಸರು ಬರೆದುಬಿಡುವ ರೇಡಿಯಾಲಜಿ ವರದಿಗಳು ಈಗಲೂ ಬರುತ್ತವೆ. ಅಪ್ಪನಿಗೆ ಇತ್ತೇ ಎಂದು ಕೇಳುವ ಅವಕಾಶ ಸ್ಕ್ಯಾನಿನ ಕೋಣೆಯಲ್ಲಿ ಕೂತವರಿಗೆ ಸಿಗುವುದಿಲ್ಲ, ಚೀಟಿ ಬರೆದು ಕಳಿಸಿದವರು ಬರೆದಿರುವುದೂ ಇಲ್ಲ.

1971ರಲ್ಲೇ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಸಿಟಿ ಸ್ಕ್ಯಾನಿನಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದರು. ಹಂಟಿಂಗ್ಟನ್ ರೋಗದಲ್ಲಿ ಮಿದುಳಿನ ಆಳದ ಕಾಡೇಟ್ ಭಾಗ ಸವೆದು, ಪಕ್ಕದ ನೀರಿನ ಕೋಣೆಗಳು ಚೌಕಾಕಾರಕ್ಕೆ ತಿರುಗುವುದು ಬದುಕಿರುವವರಲ್ಲೇ ಕಂಡದ್ದು ಸಿಟಿಯಿಂದ. ಆದರೆ ಈ ಶಾಸ್ತ್ರವನ್ನು ಬದಲಿಸಿದ್ದು ಸಿಟಿ ಅಲ್ಲ, ಎಂಆರ್‌ಐ. 1980ರ ದಶಕದ ಕೊನೆಗೆ ನಮ್ಮ ದೇಶಕ್ಕೂ ಅದು ಬಂತು. ಜೀನಿನ ಕಡೆ ಅದಕ್ಕೂ ಮೊದಲೇ, 1983ರಲ್ಲಿ, ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಮನೆತನಗಳ ನೆರವಿನಿಂದ ಹಂಟಿಂಗ್ಟನ್ ಜೀನ್ ನಾಲ್ಕನೆಯ ವರ್ಣತಂತುವಿನಲ್ಲಿದೆ ಎಂದು ಗೊತ್ತಾಯಿತು. ಜೀನ್ ಕೈಗೆ ಸಿಗಲು ಇನ್ನೂ ಹತ್ತು ವರ್ಷ ಹಿಡಿಯಿತು. 1993 ನಮ್ಮ ಶಾಸ್ತ್ರಕ್ಕೆ ಹಬ್ಬದ ವರ್ಷ: ಹಂಟಿಂಗ್ಟನ್, ಎಸ್‌ಸಿಎ1, ವಿಲ್ಸನ್, ಅಡ್ರಿನೊ ಲ್ಯೂಕೊಡಿಸ್ಟ್ರೋಫಿ ನಾಲ್ಕರ ಜೀನುಗಳೂ ಆ ಒಂದೇ ವರ್ಷ ಸಿಕ್ಕವು.

ನಾನು ಕಲಿಯುತ್ತಿದ್ದ ಕಾಲದ ಬೆಂಗಳೂರಿನ ನಿಮ್ಹಾನ್ಸ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಓದುಗರು ಕ್ಷಮಿಸಬೇಕು. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಸೇರಿಸಿ 1974ರಲ್ಲಿ ಕಟ್ಟಿದ ಸಂಸ್ಥೆ ಅದು. ಕರ್ನಾಟಕದ ಮೂಲೆ ಮೂಲೆಯಿಂದ, ಆಂಧ್ರದಿಂದ, ತಮಿಳುನಾಡಿನಿಂದ, ನಮ್ಮ ಕಾಸರಗೋಡಿನಿಂದ ಜನ ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಷ್ಟು ವಿಸ್ತಾರದ ಸೀಮೆಯಿಂದ ಬರುವುದರಿಂದ, ಒಬ್ಬ ವೈದ್ಯ ಜನ್ಮದಲ್ಲಿ ಒಂದೆರಡು ಕಾಣಬಹುದಾದ ರೋಗ ಅಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ವಿಲ್ಸನ್ ರೋಗ ಅಂಥದ್ದು.

ಯಕೃತ್ತು ತಾಮ್ರವನ್ನು ಪಿತ್ತದ ಮೂಲಕ ಹೊರಹಾಕಬೇಕು. ಎಟಿಪಿ7ಬಿ ಎಂಬ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಆ ಕೆಲಸ ನಿಲ್ಲುತ್ತದೆ. ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ, ಕಣ್ಣಿನಲ್ಲಿ ಕೂತುಬಿಡುತ್ತದೆ. ರೋಗಿ ಹೆಚ್ಚಾಗಿ ಹೈಸ್ಕೂಲಿನ ವಯಸ್ಸಿನವರು. ಮೊದಲ ದೂರು ಬರುವುದು ಶಾಲೆಯಿಂದ: ಅಕ್ಷರ ಕೆಟ್ಟಿದೆ, ಗಮನ ಇಲ್ಲ. ಬಳಿಕ ಬಾಯಿಯಿಂದ ಜೊಲ್ಲು ಸುರಿಯುತ್ತದೆ, ಮಾತು ಉಂಡೆಯಾಗುತ್ತದೆ, ತುಟಿ ಹಿಂದಕ್ಕೆ ಎಳೆದು ಸದಾ ನಗುತ್ತಿರುವಂತೆ ಮುಖ ನಿಂತುಬಿಡುತ್ತದೆ. ದೈವಕ್ಕೆ ಹರಕೆ ಹೇಳಿ, ಮನೋವೈದ್ಯರನ್ನು ಕಂಡು, ನರದ ಡಾಕ್ಟರ ಹತ್ತಿರ ಬರುವಾಗ ವರ್ಷ ಕಳೆದಿರುತ್ತದೆ. ಕರಿಗುಡ್ಡೆಯ ಅಂಚಿನಲ್ಲಿ ಕಂದು ಹಸಿರಿನ ಉಂಗುರ ಇರುತ್ತದೆ. ನಮ್ಮವರ ಕಣ್ಣು ಕಪ್ಪಾದ್ದರಿಂದ ಟಾರ್ಚಿನ ಬೆಳಕಿಗೆ ತಪ್ಪಿಸಿಕೊಳ್ಳುತ್ತದೆ, ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಲೇಬೇಕು. ಜೊತೆಗೆ ರಕ್ತದ ಸೆರುಲೊಪ್ಲಾಸ್ಮಿನ್, ಇಪ್ಪತ್ತನಾಲ್ಕು ಗಂಟೆಯ ಮೂತ್ರದ ತಾಮ್ರ. ಇಷ್ಟಕ್ಕೆ ರೋಗ ಪತ್ತೆ.

ಎಂಆರ್‌ಐ ಬಂದ ಮೇಲೆ ಜಪಾನಿನವರು 1991ರಲ್ಲಿ ಈ ರೋಗಿಗಳ ನಡುಮಿದುಳಿನಲ್ಲಿ ಪಾಂಡಾದ ಮುಖ ಕಂಡರು. ಅಂದಿನಿಂದ ಎಲ್ಲ ಪರೀಕ್ಷೆಗಳಲ್ಲೂ ಪಾಂಡಾ ಪ್ರಶ್ನೆ. ನಿಮ್ಹಾನ್ಸಿನ ಎ.ಬಿ. ತಾಳಿ, ಸಂಜೀಬ್ ಸಿನ್ಹಾ ಮತ್ತು ಸಂಗಡಿಗರು ಮಾಡಿದ್ದು ಅಷ್ಟು ಆಕರ್ಷಕವಲ್ಲದ, ಆದರೆ ಹೆಚ್ಚು ಉಪಯೋಗದ ಕೆಲಸ. 2007ರಲ್ಲಿ ಅವರು ಮೂರು ದಶಕಗಳಲ್ಲಿ ಕಂಡ 282 ವಿಲ್ಸನ್ ರೋಗಿಗಳ ವಿವರ ಪ್ರಕಟಿಸಿದರು. 2010ರಲ್ಲಿ, ಎಳೆ ವಯಸ್ಸಿನಲ್ಲಿ ಇಂಥದೇ ಲಕ್ಷಣ ತೋರಿಸುವ ಬೇರೆ ರೋಗಗಳ ಸ್ಕ್ಯಾನ್‌ಗಳ ಜೊತೆ ವಿಲ್ಸನ್ ಸ್ಕ್ಯಾನ್‌ಗಳನ್ನು ಇಟ್ಟು ಹೋಲಿಸಿದರು. ಪಾಂಡಾ ಕಂಡದ್ದು ಕೆಲವರಲ್ಲಿ ಮಾತ್ರ. ನಡುಮಿದುಳಿನ ಹಿಂಬದಿಯ ತೆಳುಪಟ್ಟಿಯ ಹೊಳಪು, ಪಾನ್ಸಿನ ನಡುವಿನ ಹೊಳಪು ಅದಕ್ಕಿಂತ ಎಷ್ಟೋ ಹೆಚ್ಚು ಜನರಲ್ಲಿ ಇತ್ತು. ಪಾಂಡಾ ಕಾಣಲಿಲ್ಲ ಎಂದು ವಿಲ್ಸನ್ ರೋಗವನ್ನು ಕೈಬಿಟ್ಟ ವೈದ್ಯರು ಎಷ್ಟು ಮಂದಿಯೋ, ದೇವರಿಗೇ ಗೊತ್ತು.

ಅದೇ 2007ರಲ್ಲಿ ಬಂದ ಇನ್ನೊಂದು ಬರಹ ನನಗೆ ಇನ್ನೂ ಮುಖ್ಯ. ತಾಮ್ರ ಇಳಿಸುವ ಔಷಧಿ ಕೊಟ್ಟ 50 ರೋಗಿಗಳ ಸ್ಕ್ಯಾನನ್ನು ಮತ್ತೆ ತೆಗೆದು, ಮೊದಲಿನದರ ಪಕ್ಕದಲ್ಲಿ ಇಟ್ಟರು. ಹಲವರಲ್ಲಿ ಹೊಳಪು ಇಳಿದಿತ್ತು. ಮಿದುಳು ಕ್ಷಯಿಸುವ ವಂಶದ ಕಾಯಿಲೆ ಎಂದರೆ ಕೈ ಚೆಲ್ಲುವುದು ಎಂದೇ ಕಲಿತಿದ್ದ ನಮಗೆ, ಚಿತ್ರ ಹಿಂದಕ್ಕೆ ಹೋಗಬಲ್ಲದು ಎಂಬುದೇ ಪಾಠ. ಪೆನಿಸಿಲಮೈನ್ ಔಷಧಿಯನ್ನು ಜಾನ್ ವಾಲ್ಶ್ 1956ರಲ್ಲಿ ಬಳಕೆಗೆ ತಂದವರು, ರೋಗಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದವರು. ಅದು ಮತ್ತು ಸತು, ಇವೆರಡರಿಂದಲೇ ಮದುವೆಯಾಗಿ, ಮಕ್ಕಳು ಮಾಡಿಕೊಂಡು, ಅಂಗಡಿ ನಡೆಸುತ್ತಿರುವ ರೋಗಿಗಳು ಇದ್ದಾರೆ. ಚೆನ್ನಾಗಿದ್ದೇನೆ ಎಂದು ಮಾತ್ರೆ ಬಿಟ್ಟು ಮತ್ತೆ ಹಾಸಿಗೆ ಹಿಡಿದವರೂ ಇದ್ದಾರೆ.

ಇಲ್ಲಿ ಜೀನಿನ ಪಾತ್ರ ಏನು? ಯುರೋಪಿನ ವಿಲ್ಸನ್ ರೋಗಿಗಳಲ್ಲಿ ಅತಿ ಸಾಮಾನ್ಯವಾದ ಒಂದು ಬದಲಾವಣೆ ಇದೆ, 1069ನೆಯ ಜಾಗದಲ್ಲಿ. ನಮ್ಮ ದೇಶದಲ್ಲಿ ಅದು ಕಾಣುವುದೇ ಅಪರೂಪ; ನಮ್ಮ ಬದಲಾವಣೆಗಳು ಬೇರೆ, ಅವೂ ಹತ್ತಾರು ಬಗೆ. ಹಾಗಾಗಿ ಹೊರದೇಶದ ಕಿಟ್ ತಂದು ಪರೀಕ್ಷೆ ಮಾಡಿದರೆ ಏನೂ ಸಿಗದು. ರೋಗಿಗೆ ರೋಗ ಇದೆ ಎನ್ನಲು ಜೀನ್ ಅನಿವಾರ್ಯವೂ ಅಲ್ಲ. ಆದರೆ ಆ ರೋಗಿಯ ತಂಗಿಗೆ, ಇನ್ನೂ ಏನೂ ಲಕ್ಷಣ ಇಲ್ಲದ ಹತ್ತು ವರ್ಷದ ಹುಡುಗಿಗೆ, ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಣ್ಣನ ಎರಡೂ ಬದಲಾವಣೆ ಗೊತ್ತಿದ್ದರೆ ಅವಳದ್ದು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಅವಳಿಗೆ ಮಿದುಳಿನ ತೊಂದರೆ ಬರದಂತೆಯೇ ನೋಡಿಕೊಳ್ಳಬಹುದು. ರೋಗ ಗುರುತಿಸಲು ಕಣ್ಣು ಮತ್ತು ಚಿತ್ರ, ಮನೆಯವರನ್ನು ಕಾಯಲು ಜೀನ್. ನಿಮ್ಹಾನ್ಸಿನಲ್ಲಿ ನಾವು ಕಲಿತ ಕ್ರಮ ಇದು. ಸಂಜೀವ್ ಜೈನ್, ಮೀರಾ ಪುರುಷೋತ್ತಮ್ ಅವರ ಪ್ರಯೋಗಾಲಯ ಹಂಟಿಂಗ್ಟನ್ ಮತ್ತು ಅಟಾಕ್ಸಿಯಾಗಳ ಮರುಕಳಿಕೆ ಎಣಿಸುವ ಕೆಲಸವನ್ನು ಗದ್ದಲವಿಲ್ಲದೆ ನಡೆಸಿಕೊಂಡು ಬಂದದ್ದು, ಎಸ್.ಕೆ. ಶಂಕರ್ 1995ರಲ್ಲಿ ಕಟ್ಟಿದ ಮಿದುಳು ಬ್ಯಾಂಕ್ ಸ್ಕ್ಯಾನಿನ ನೆರಳುಗಳಿಗೆ ಅಂಗಾಂಶದ ಆಧಾರ ಕೊಟ್ಟದ್ದು, ಇವೆಲ್ಲ ಅದೇ ಕ್ರಮದ ಭಾಗಗಳು.

ಚಿತ್ರ ಜೀನಿಗಿಂತ ಮುಂದೆ ನಡೆದದ್ದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮಕ್ಕಳ ಲ್ಯೂಕೊಡಿಸ್ಟ್ರೋಫಿಗಳಲ್ಲಿ, ಅಂದರೆ ಮಿದುಳಿನ ಒಳಗಿನ ಬಿಳಿಭಾಗ ಹಾಳಾಗುವ ರೋಗಗಳಲ್ಲಿ. ಆಮ್‌ಸ್ಟರ್‌ಡ್ಯಾಮಿನ ಮಾರ್ಯೊ ವಾನ್ ಡೆರ್ ಕ್ನಾಪ್ ಮಾಡಿದ್ದು ಬಹಳ ಸರಳ ಕೆಲಸ: ಹೆಸರಿಲ್ಲದ ರೋಗದ ಮಕ್ಕಳ ಎಂಆರ್‌ಐಗಳನ್ನು ಒಟ್ಟು ಹಾಕಿ, ಒಂದೇ ತರ ಕಾಣುವವುಗಳನ್ನು ಒಂದೊಂದು ಗುಂಪು ಮಾಡಿದರು. ಹಾಳಾಗಿರುವುದು ಎದುರಿನ ಬಿಳಿಭಾಗವೋ ಹಿಂದಿನದೋ, ತೊಗಟೆಗೆ ತಾಗಿದ ಎಳೆಗಳು ಉಳಿದಿವೆಯೋ ಇಲ್ಲವೋ, ಬೆನ್ನುಹುರಿ ಸೇರಿದೆಯೋ ಇಲ್ಲವೋ. ಹೀಗೆ ಗುಂಪು ಮಾಡಿದ ರೋಗವೊಂದನ್ನು 2003ರಲ್ಲಿ ಬರೆದರು; ಜೀನ್ ಸಿಕ್ಕಿದ್ದು 2007ರಲ್ಲಿ. ಇನ್ನೊಂದನ್ನು 1997ರಲ್ಲಿ ಬರೆದರು, ಜೀನ್ 2001ರಲ್ಲಿ. ಚಿತ್ರದ ಗುಂಪು ಸರಿಯಾಗಿದ್ದದ್ದರಿಂದಲೇ ಜೀನ್ ಸಿಕ್ಕಿತು. ಬೇರೆ ಬೇರೆ ರೋಗಗಳ ಮಕ್ಕಳನ್ನು ಒಂದೇ ಚೀಲಕ್ಕೆ ತುಂಬಿದ್ದರೆ ಯಾವ ಯಂತ್ರಕ್ಕೂ ಅದು ಸಿಗುತ್ತಿರಲಿಲ್ಲ.

ದೊಡ್ಡ ತಲೆಯ ಮಕ್ಕಳ ಒಂದು ರೋಗವಿದೆ, ಎಂಎಲ್‌ಸಿ. ಸ್ಕ್ಯಾನ್ ನೋಡಿದರೆ ಬಿಳಿಭಾಗವೆಲ್ಲ ಊದಿಕೊಂಡು, ಕಿವಿಯ ಬದಿಯಲ್ಲಿ ನೀರುಗುಳ್ಳೆಗಳಿದ್ದು, ಮಗು ಏಳಲಾರದು ಅನ್ನಿಸುತ್ತದೆ. ಮಗುವೋ ಹೊರಗೆ ಜಗಲಿಯಲ್ಲಿ ಓಡಾಡಿಕೊಂಡಿರುತ್ತದೆ. ಈ ವೈಚಿತ್ರ್ಯವನ್ನು ಮುಂಬಯಿಯ ಬಿ.ಎಸ್. ಸಿಂಘಾಲ್ ಮತ್ತು ಸಹೋದ್ಯೋಗಿಗಳು ಅಗರ್ವಾಲ್ ಸಮುದಾಯದ ಮಕ್ಕಳಲ್ಲಿ ಕಂಡು 1991ರಲ್ಲೇ ಟೋಕಿಯೋದ ಸಮ್ಮೇಳನದಲ್ಲಿ ಮಂಡಿಸಿದ್ದರು. ಪೂರ್ಣ ಲೇಖನ ಅಚ್ಚಾದದ್ದು 1996ರಲ್ಲಿ. ನಡುವೆ, 1995ರಲ್ಲಿ, ಡಚ್ಚರ ಲೇಖನ ಬಂತು. ಪಠ್ಯಪುಸ್ತಕಗಳಲ್ಲಿ ಯಾರ ಹೆಸರು ಮೊದಲು ಬರುತ್ತದೆ ಎಂದು ಹೇಳಬೇಕಾಗಿಲ್ಲ. ನಮ್ಮಲ್ಲಿ ನೋಡುವವರಿಗೆ ಕೊರತೆ ಇಲ್ಲ, ಬರೆಯುವುದು ತಡ.

ಬರೆದ ಉದಾಹರಣೆಯೂ ನಮ್ಮ ಹತ್ತಿರದಲ್ಲೇ ಇದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯಕೀಯ ತಳಿಶಾಸ್ತ್ರ ವಿಭಾಗದ ಅಂಜು ಶುಕ್ಲಾ, ಕೆ.ಎಂ. ಗಿರೀಶ ಮತ್ತು ಸಂಗಡಿಗರು 2017ರಲ್ಲಿ ಜಗತ್ತಿಗೇ ಹೊಸದಾದ ಒಂದು ರೋಗವನ್ನು ವರದಿ ಮಾಡಿದರು. ಪರಸ್ಪರ ನೆಂಟಸ್ತಿಕೆ ಗೊತ್ತಿಲ್ಲದ ಎರಡು ಮನೆಗಳು; ಎಳೆ ಕೂಸುಗಳು ಹುಟ್ಟಿದ ಸ್ವಲ್ಪ ಕಾಲಕ್ಕೇ ಕಲಿತದ್ದನ್ನು ಕಳೆದುಕೊಂಡು, ಸೆಟೆತ ಬಂದು, ಬೇಗ ತೀರಿಕೊಂಡವು. ಎಂಆರ್‌ಐಯಲ್ಲಿ ಮಿದುಳು, ಕಿರುಮಿದುಳು ಎರಡರ ಆಳದ ಬಿಳಿಭಾಗವೂ ಹಾಳು. ಅದೇ ಯಂತ್ರದಿಂದ ಮಿದುಳಿನ ರಸಾಯನ ಅಳೆಯುವ ಸ್ಪೆಕ್ಟ್ರೋಸ್ಕೋಪಿಯಲ್ಲಿ ಲ್ಯಾಕ್ಟೇಟಿನ ಶಿಖರ ಎದ್ದಿತ್ತು. ಜೀವಕೋಶದ ಶಕ್ತಿ ಘಟಕವಾದ ಮೈಟೊಕಾಂಡ್ರಿಯಾ ಕೆಟ್ಟಾಗ ಹಾಗೆ ಆಗುತ್ತದೆ. ಎಲ್ಲಿ ಹುಡುಕಬೇಕು ಎಂದು ಚಿತ್ರ ಹೇಳಿತು. ಎಕ್ಸೋಮ್‌ನಲ್ಲಿ ಐಎಸ್‌ಸಿಎ1 ಎಂಬ ಜೀನಿನಲ್ಲಿ ಒಂದಕ್ಷರದ ತಪ್ಪು ಸಿಕ್ಕಿತು: ಪ್ರೋಟೀನಿನ 87ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ಲೈಸಿನ್. ಕಬ್ಬಿಣ ಮತ್ತು ಗಂಧಕವನ್ನು ಜೋಡಿಸಿ ಮೈಟೊಕಾಂಡ್ರಿಯಾದ ಕೆಲಸಗಾರ ಪ್ರೋಟೀನುಗಳಿಗೆ ಒದಗಿಸುವ ಜೀನ್ ಅದು. ಎರಡೂ ಮನೆಯ ಮಕ್ಕಳಲ್ಲಿ ಆ ತಪ್ಪಿನ ಸುತ್ತಲಿನ ಡಿಎನ್‌ಎ ತುಂಡು ಒಂದೇ ಆಗಿತ್ತು. ಅಂದರೆ ಎಷ್ಟೋ ತಲೆಮಾರಿನ ಹಿಂದೆ ಇಬ್ಬರಿಗೂ ಒಬ್ಬರೇ ಹಿರಿಯರು.

ಎಕ್ಸೋಮ್ ಬೇಡವೆಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಮಣಿಪಾಲದಲ್ಲಿ ಎಕ್ಸೋಮ್ ಓದಿದವರು ಸ್ಕ್ಯಾನ್ ನೋಡಿದವರೇ, ಮಗುವನ್ನು ಮುಟ್ಟಿ ನೋಡಿದವರೇ. ರಕ್ತ ಒಂದು ಊರಿಗೆ, ಸ್ಕ್ಯಾನಿನ ಸಿಡಿ ಇನ್ನೊಂದು ಊರಿಗೆ ಹೋಗಿ, ಎರಡನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲದೆ ಬರುವ ವರದಿಯಲ್ಲಿ 'ಅರ್ಥ ಅನಿಶ್ಚಿತವಾದ ಬದಲಾವಣೆ' ಎಂಬ ಸಾಲುಗಳು ತುಂಬಿರುತ್ತವೆ. ಅನಿಶ್ಚಿತ ಏಕೆಂದರೆ ಹೋಲಿಸಿ ನೋಡುವ ಜಗತ್ತಿನ ದೊಡ್ಡ ಪಟ್ಟಿಗಳಲ್ಲಿ ನಮ್ಮವರು ಕಡಿಮೆ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಶುರುವಾಗಿ, ಸುಮಾರು 10,000 ಭಾರತೀಯರ ಜೀನೋಮನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ದೊಡ್ಡ ಕೆಲಸ. ಆದರೆ ಒಳಗೊಳಗೇ ಮದುವೆ ನಡೆಯುವ ಸಾವಿರಾರು ಸಮುದಾಯಗಳ ದೇಶ ಇದು, ಅದರಲ್ಲಿ ಸೇರಿದ ಗುಂಪುಗಳು ನೂರೂ ಇಲ್ಲ. ತುಳು, ಮಲಯಾಳ, ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಒಂದೇ ಪಂಚಾಯತಿನಲ್ಲಿ ಸಿಗುವ ನಮ್ಮ ಜಿಲ್ಲೆಯಂಥದ್ದಕ್ಕೆ ಪ್ರತ್ಯೇಕವಾಗಿಯೇ ಒಂದು ಕೆಲಸ ಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ಸೈನ್ಸ್ ವಿಭಾಗವೇ ಇದೆ. ಅಲ್ಲಿಂದ ನಮ್ಮ ಆಸ್ಪತ್ರೆಗಳು ದೂರವೇನಲ್ಲ.

ರಕ್ತಸಂಬಂಧದ ಮದುವೆಯ ಮಾತು ಬಂದಾಗ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಅದರ ಬಗ್ಗೆ ಸರಿಯಾದ ಲೆಕ್ಕ ಕೊಟ್ಟವರು ಐಐಎಸ್‌ಸಿಯ ಎನ್. ಅಪ್ಪಾಜಿ ರಾವ್ ಮತ್ತು ಅವರೊಡನೆ ದುಡಿದ ಅಲನ್ ಬಿಟ್ಲ್ಸ್. 1980ರ ದಶಕದಲ್ಲಿ ಕರ್ನಾಟಕದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೊ ಆಮ್ಲದ ಕಾಯಿಲೆಗಳಿಗಾಗಿ ಪರೀಕ್ಷಿಸಿದ ತಂಡ ಅದು. ಅವರು ನೋಡಿದ ತಾಯಂದಿರಲ್ಲಿ ಸುಮಾರು ಮೂರರಲ್ಲಿ ಒಬ್ಬರದ್ದು ಸೋದರಮಾವನನ್ನೋ ಅತ್ತೆ ಮಾವನ ಮಗನನ್ನೋ ಆದ ಮದುವೆ. ಆ ಕೆಲಸ ಮುಂದುವರಿದಿದ್ದರೆ ಇಂದು ನಮ್ಮ ಕೈಯಲ್ಲಿ ನಾಲ್ಕು ದಶಕದ ದಾಖಲೆ ಇರುತ್ತಿತ್ತು.

ಇನ್ನು ನಮ್ಮ ಊರಿನ ಮಾತು. ಕಾಸರಗೋಡಿನಲ್ಲಿ ಕೂತು ಮಕ್ಕಳ ನರರೋಗದ ಬಗ್ಗೆ ಬರೆಯುತ್ತಾ ಎಂಡೋಸಲ್ಫಾನ್ ಹೆಸರೆತ್ತದಿರಲು ಆಗದು. ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷವನ್ನು ಎರಡು ದಶಕಕ್ಕೂ ಹೆಚ್ಚು ಕಾಲ, 2000ನೇ ಇಸವಿಯ ತನಕ, ಸುರಿದರು. ಪಡ್ರೆಯ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿದರು, ಪತ್ರಕರ್ತ ಶ್ರೀಪಡ್ರೆ ಬರೆದರು, ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಅಧ್ಯಯನ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದಿತು. ಆರು ಸಾವಿರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಇದೇ ವಿದ್ಯಾನಗರದ ಕಲೆಕ್ಟರೇಟಿನಲ್ಲಿದೆ. ಈ ಹೋರಾಟದ ನ್ಯಾಯದ ಬಗ್ಗೆ ನನಗೆ ಸಂಶಯವಿಲ್ಲ.

ನನಗಿರುವ ತಕರಾರು ಬೇರೆ. ವಿಷದ ಪರವಾಗಿ ವಾದಿಸಿದವರು 'ಇದೆಲ್ಲ ಒಳಮದುವೆಯಿಂದ ಬಂದ ತಳಿದೋಷ' ಎಂದು ಹೇಳಿದರು, ಒಂದು ಮಗುವಿನ ಜೀನನ್ನೂ ಓದಿಸದೆ. ಅದಕ್ಕೆ ಉತ್ತರವಾಗಿ ನಮ್ಮವರು ತಳಿ ಎಂಬ ಮಾತೇ ಶತ್ರುವಿನ ಮಾತು ಎಂದುಕೊಂಡರು. ಎರಡು ಕಡೆಯೂ ಪರೀಕ್ಷೆ ಇಲ್ಲ. ಮಲೆನಾಡಿನ ಹಂದಿಗೋಡು ನೆನಪಾಗುತ್ತದೆ. 1970ರ ದಶಕದಲ್ಲಿ ಸಾಗರದ ಸುತ್ತಿನ ದಲಿತ ಕೇರಿಗಳಲ್ಲಿ ಕೀಲು ಮುರುಟಿ ನಡೆಯಲಾಗದವರನ್ನು ಕಂಡಾಗ ಮೊದಲು ಬೈದದ್ದು ಗದ್ದೆಯ ಕೀಟನಾಶಕವನ್ನೂ ಅವರು ತಿಂದ ಏಡಿಯನ್ನೂ. ವಂಶವೃಕ್ಷ ಬರೆದಾಗ ತಂದೆತಾಯಿಯಿಂದ ನೇರ ಮಕ್ಕಳಿಗೆ ಇಳಿಯುವ ಮೂಳೆಯ ಕಾಯಿಲೆ ಅದು ಎಂದು ಗೊತ್ತಾಯಿತು. ಮೂಳೆಯದ್ದಾದರೂ ಪಾಠ ನಮ್ಮದೇ. ಹಂದಿಗೋಡಿನಲ್ಲಿ ಹಾಗಾಯಿತೆಂದು ಇಲ್ಲಿ ವಿಷ ಸುರಿದ ಎನ್ಮಕಜೆಯಲ್ಲೂ ಹಾಗೆಯೇ ಇರಬೇಕೆಂದೇನಿಲ್ಲ. ಮನೆಮನೆಯ ವಂಶವೃಕ್ಷ ಬರೆಯದೆ ಹೇಳಲಾಗದು, ಅಷ್ಟೇ.

ಎಂಡೋಸಲ್ಫಾನ್ ಸಂತ್ರಸ್ತರನ್ನು ಗುರುತಿಸುವ ವೈದ್ಯಕೀಯ ಶಿಬಿರಗಳಲ್ಲಿ ಒಂದೊಂದು ಮಗುವಿಗೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲೂ ಕೇಳಬಹುದಾದ ಒಂದು ಪ್ರಶ್ನೆ ಇದೆ: ಈ ಮಗು ಹುಟ್ಟಿನಿಂದಲೇ ಹೀಗೆಯೇ, ಅಥವಾ ಕಲಿತದ್ದನ್ನು ಕಳೆದುಕೊಳ್ಳುತ್ತಾ ಬಂತೇ? ನಡೆಯುತ್ತಿದ್ದ ಮಗು ತೆವಳತೊಡಗಿದರೆ, ಮಾತಾಡುತ್ತಿದ್ದದ್ದು ಮೌನವಾದರೆ, ಅದು ಹುಟ್ಟುವಾಗ ಆದ ಹಾನಿಯಲ್ಲ. ಒಳಗೆ ಇನ್ನೂ ಏನೋ ಕ್ಷಯಿಸುತ್ತಿದೆ. ಅಂಥ ಮಗುವಿಗೆ ಎಂಆರ್‌ಐ ಆಗಲೇಬೇಕು. ಏಕೆಂದರೆ ಅವುಗಳಲ್ಲಿ ಕೆಲವಕ್ಕೆ ಮದ್ದಿದೆ. ವಿಲ್ಸನ್ ಇದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿ, ಎಳೆಯರಿಗೇ ಕಣ್ಣಿನ ಪೊರೆ ಬಂದು, ಕಿರುಮಿದುಳು ಹಾಳಾಗುವ ಸಿಟಿಎಕ್ಸ್ ಇದೆ, ಅದಕ್ಕೆ ಪಿತ್ತಾಮ್ಲದ ಮಾತ್ರೆ. ಮಿದುಳಿನ ಎರಡೂ ಬದಿಯ ಕಾಡೇಟ್, ಪ್ಯುಟಾಮೆನ್ ಹೊಳೆಯುವ ಇನ್ನೊಂದು ರೋಗ ಬಯೋಟಿನ್ ಮತ್ತು ಥಯಾಮಿನ್ ಎಂಬ ಎರಡು ವಿಟಮಿನ್ನಿಗೆ ಬಗ್ಗುತ್ತದೆ. ಪಟ್ಟಿಯಲ್ಲಿ ಹೆಸರು ಇದೆ ಎಂದು ಇಂಥ ಮಗುವನ್ನು ಅಲ್ಲಿಗೇ ಬಿಟ್ಟರೆ ಪರಿಹಾರದ ಹಣ ಸಿಗುತ್ತದೆ, ಮಾತ್ರೆ ಸಿಗುವುದಿಲ್ಲ.

ಇದನ್ನು ಒಬ್ಬ ತಾಯಿಗೆ ಹೇಳಿದಾಗ ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಹೇಳಿದ್ದು: "ಜೀನಿನ ಟೆಸ್ಟ್ ಬೇಡ ಡಾಕ್ಟ್ರೇ. ಅದರಲ್ಲಿ ಏನಾದರೂ ಬಂದರೆ ಪಟ್ಟಿಯಿಂದ ಹೆಸರು ತೆಗೆದರೆ?" ಆಕೆಯ ಲೆಕ್ಕಾಚಾರದಲ್ಲಿ ತಪ್ಪಿಲ್ಲ. ತಿಂಗಳ ಪಿಂಚಣಿ ಕೈಗೆ ಬರುವುದು, ಜೀನಿನ ವರದಿ ಕಾಗದ. ಪರೀಕ್ಷೆಯ ಫಲ ಏನೇ ಬಂದರೂ ಕೊಟ್ಟ ನೆರವು ಹಿಂದೆಗೆಯುವುದಿಲ್ಲ ಎಂದು ಸರಕಾರದ ಒಂದು ಆದೇಶ ಇದ್ದರೆ ಈ ಭಯ ಇಳಿಯುತ್ತದೆ. ವಿಷವೂ ತಳಿಯೂ ಒಂದೇ ಮನೆಯಲ್ಲಿ ಇರಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಕೇರಳ, ಕರ್ನಾಟಕಗಳ ನಡುವಿನ ಗಡಿಯ ಕಷ್ಟ ಇದಕ್ಕೆ ಸೇರುತ್ತದೆ. ನಮಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು ಮಂಗಳೂರಿನಲ್ಲಿ, ಐವತ್ತು ಕಿಲೋಮೀಟರ್. ತಳಿತಜ್ಞರು ಮಣಿಪಾಲದಲ್ಲಿ. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿನಲ್ಲಿ, ಗಡಿಯ ತಲಪಾಡಿಯ ದಾರಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ಹಲವರು ಸತ್ತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿ ತೆರೆದಿರುವ ದಿನಗಳಲ್ಲೂ ಯೋಜನೆಗಳು ರಾಜ್ಯಕ್ಕೊಂದು. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿ ಆಯ್ದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಚಿಕಿತ್ಸೆಗೆ ನೆರವು ಕೊಡುತ್ತದೆ, 2022ರಿಂದ 50 ಲಕ್ಷ ರೂಪಾಯಿವರೆಗೆ. ಕರ್ನಾಟಕದ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಕೇರಳದ್ದು ತಿರುವನಂತಪುರದ ಎಸ್‌ಎಟಿ, ರೈಲಿನಲ್ಲಿ ಒಂದು ರಾತ್ರಿಯ ದೂರ. ಸೆಟೆತ ಬರುವ ಮಗುವನ್ನು ಕರೆದುಕೊಂಡು ಆ ರಾತ್ರಿ ಕಳೆದವರಿಗೆ ಗೊತ್ತು. ಅಲ್ಲಿ ಸಿಗುವ ಆಪ್ತ ಸಲಹೆಯೂ ಮಲಯಾಳದಲ್ಲಿ. ವಾಹಕರು ಎಂದರೇನು, ನಾಲ್ಕರಲ್ಲಿ ಒಂದು ಎಂದರೇನು ಎಂಬುದನ್ನು ಕನ್ನಡದಲ್ಲೋ ತುಳುವಿನಲ್ಲೋ ಕೂರಿಸಿ ಹೇಳಿದರೂ ಎರಡು ಸಲ ಹೇಳಬೇಕಾಗುತ್ತದೆ. ಎಷ್ಟೋ ತಂದೆತಾಯಿ ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಭಯವಿಲ್ಲ ಎಂದುಕೊಂಡು ಹೋಗುತ್ತಾರೆ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಚಿಕಿತ್ಸೆಯ ಹೊಸ ಸುದ್ದಿಗಳನ್ನು ನಾನು ಹೆಚ್ಚು ಬರೆಯಲಿಲ್ಲ. ಅಡ್ರಿನೊ ಲ್ಯೂಕೊಡಿಸ್ಟ್ರೋಫಿಗೆ ಕೊಟ್ಟ ಜೀನ್ ಚಿಕಿತ್ಸೆಯ ಫಲ 2009ರಲ್ಲಿ ಫ್ರಾನ್ಸಿನಿಂದ ವರದಿಯಾಯಿತು, ಮೆಟಾಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರೋಫಿಗೆ 2020ರಲ್ಲಿ ಯುರೋಪಿನಲ್ಲಿ ಮಂಜೂರಾತಿ ಸಿಕ್ಕಿತು. ಬೆಲೆ ಕೇಳಿದರೆ ನಮ್ಮ ತಾಲೂಕಿನ ಬಜೆಟ್ಟು. ಅವೂ ಲಕ್ಷಣ ಕಾಣುವ ಮೊದಲೋ ತೀರಾ ಆರಂಭದಲ್ಲೋ ಕೊಟ್ಟರೆ ಮಾತ್ರ ಪ್ರಯೋಜನ. ಅಂದರೆ ಮತ್ತೆ ಅಣ್ಣನಿಗೆ ಸರಿಯಾದ ಹೆಸರು ಸಿಕ್ಕಿದ್ದರೆ ತಮ್ಮನಿಗೆ.

ಅದಕ್ಕೇ ನಮ್ಮ ಜಿಲ್ಲಾಸ್ಪತ್ರೆ, ತಾಲೂಕು ಆಸ್ಪತ್ರೆಗಳ ಕಿರಿಯ ವೈದ್ಯರಲ್ಲಿ ಕೇಳುವುದು ದೊಡ್ಡದೇನಲ್ಲ. ಕಲಿತದ್ದನ್ನು ಕಳೆದುಕೊಳ್ಳುತ್ತಿರುವ ಮಗುವಿನ ಎಂಆರ್‌ಐ ಫಿಲ್ಮ್ ಸಾಲದು, ಸಿಡಿ ಮನೆಯವರ ಕೈಗೆ ಕೊಡಿಸಿ. ಮೂರು ತಲೆಮಾರಿನ ವಂಶವೃಕ್ಷ ಒಂದು ಹಾಳೆಯಲ್ಲಿ ಬರೆಯಿರಿ. ಮಗು ಉಳಿಯುವುದಿಲ್ಲ ಎಂದು ಕಂಡಾಗ, ಮನೆಯವರ ಒಪ್ಪಿಗೆ ಪಡೆದು, ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಕೊಳವೆಯಲ್ಲಿ ಎರಡು ಮೂರು ಮಿಲಿ ರಕ್ತ ತೆಗೆದು ಮಂಗಳೂರಿಗೋ ಮಣಿಪಾಲಕ್ಕೋ ಡಿಎನ್‌ಎ ತೆಗೆದಿಡಲು ಕಳಿಸಿ. ಆ ತಾಯಿ ಮತ್ತೆ ಬಸಿರಾಗಿ ಮೂರನೇ ತಿಂಗಳಿನಲ್ಲಿ ಬಂದಾಗ, ಮಾಸಿನ ಚೂರು ತೆಗೆದು ಹೊಟ್ಟೆಯೊಳಗಿನ ಕೂಸಿಗೆ ರೋಗ ಇದೆಯೇ ನೋಡಬೇಕಾದರೆ ಮೊದಲಿನ ಮಗುವಿನ ಜೀನಿನಲ್ಲಿ ಏನು ಕೆಟ್ಟಿತ್ತು ಎಂಬುದು ಗೊತ್ತಿರಬೇಕು. ಆಗ ಹುಡುಕಲು ಹೊರಟರೆ ಹತ್ತು ಹನ್ನೆರಡು ವಾರ ಕಳೆದಿರುತ್ತದೆ, ರಕ್ತ ಕೊಡಬೇಕಾದ ಮಗು ಇರುವುದಿಲ್ಲ.